ಸರ್ವರ್‌ಗೆ ತಲುಪಿದ್ದೇನು?

ಪುಸ್ತಕ ಮಾರುವ ಒಂದು ಜಾಲತಾಣ ಎಂದುಕೊಳ್ಳಿ. ಹುಡುಕುವ ಜಾಗದಲ್ಲಿ ಓದುಗರೊಬ್ಬರು ಪುಸ್ತಕದ ಹೆಸರು ಟೈಪ್ ಮಾಡುತ್ತಾರೆ. ಆ ಪುಸ್ತಕ ತಾಣದ ಮುಖಪುಟದಲ್ಲೇ ಕಾಣುತ್ತಿದೆ, ಹುಡುಕಿದರೆ ಮಾತ್ರ ‘ಏನೂ ಸಿಗಲಿಲ್ಲ’ ಎಂಬ ಉತ್ತರ. ದೂರು ಪ್ರೋಗ್ರಾಮರ್ ಬಳಿಗೆ ಹೋಗುತ್ತದೆ. ಅವರು ಕೋಡ್ ತೆರೆದು ಸಾಲು ಸಾಲಾಗಿ ಓದುತ್ತಾರೆ. ಎಲ್ಲವೂ ಸರಿಯಾಗಿಯೇ ಇದ್ದಂತೆ ಕಾಣುತ್ತದೆ. ಒಂದು ಪದ ಬದಲಿಸಿ ಓಡಿಸುತ್ತಾರೆ, ಇನ್ನೊಂದು ಬದಲಿಸಿ ಓಡಿಸುತ್ತಾರೆ, ಮೂರನೆಯದಕ್ಕೆ ಕೈಹಾಕುವ ಹೊತ್ತಿಗೆ ಮೊದಲು ಏನಿತ್ತು ಎಂಬುದೇ ಮರೆತಿರುತ್ತದೆ. ಇಷ್ಟೆಲ್ಲದರ ನಡುವೆ ಅವರು ನೋಡದೇ ಉಳಿದದ್ದು ಒಂದೇ: ಆ ಕೋಡ್ ಕೊನೆಗೆ ಸರ್ವರ್‌ಗೆ ಕಳಿಸಿದ ರಿಕ್ವೆಸ್ಟ್.

ಹುಡುಕಾಟ ಕೆಟ್ಟಾಗ ಮೊದಲು ಓದಬೇಕಾದದ್ದು ಅದನ್ನು, ಕೋಡ್ ಏನಿದ್ದರೂ ಆಮೇಲೆ. ಇದು ಗೊತ್ತಿರುವವರೂ ಮಾಡದಿರುವ ಕೆಲಸ, ಮತ್ತು ಮಾಡದಿರುವುದರಿಂದ ಸಾಫ್ಟ್‌ವೇರ್ ಲೋಕದಲ್ಲಿ ದಿನಗಟ್ಟಲೆ ದುಡಿಮೆ ಹಾಳಾಗುತ್ತಿದೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ಹುಡುಕಾಟಕ್ಕೆ ಇಂದು ಬಹಳ ಕಡೆ ಬಳಕೆಯಲ್ಲಿರುವುದು ಎಲಾಸ್ಟಿಕ್‌ಸರ್ಚ್ ಎಂಬ ಸರ್ವರ್. ಅದರ ಒಳಗಿನ ಯಂತ್ರ ಲುಸೀನ್, ಡಗ್ ಕಟಿಂಗ್ 1999ರಲ್ಲಿ ಬರೆದದ್ದು. ತಮ್ಮ ಹೆಂಡತಿಯ ಅಡುಗೆ ಟಿಪ್ಪಣಿಗಳಲ್ಲಿ ಹುಡುಕಲು ಅನುಕೂಲವಾಗಲಿ ಎಂದು ಲುಸೀನ್ ಜೊತೆ ಒಡನಾಟ ಶುರುಮಾಡಿದ ಶೇ ಬ್ಯಾನನ್, 2010ರಲ್ಲಿ ಎಲಾಸ್ಟಿಕ್‌ಸರ್ಚ್ ಹೊರತಂದರು. 2021ರಲ್ಲಿ ಅದರ ಪರವಾನಗಿ ಬದಲಾದಾಗ ಅಮೆಜಾನ್ ಅದೇ ಕೋಡ್‌ನಿಂದ ಓಪನ್‌ಸರ್ಚ್ ಎಂಬ ಕವಲನ್ನು ಬೆಳೆಸಿತು. ಎರಡೂ ಮಾತಾಡುವ ಬಗೆ ಒಂದೇ ವಂಶದ್ದು. ಎಚ್‌ಟಿಟಿಪಿ ಮೂಲಕ ಜೇಸನ್ ಎಂಬ ಪಠ್ಯ ಹೋಗುತ್ತದೆ, ಜೇಸನ್ ಪಠ್ಯವೇ ಉತ್ತರವಾಗಿ ಬರುತ್ತದೆ. ಆ ಪಠ್ಯವನ್ನು ಮನುಷ್ಯರು ಓದಬಹುದು ಎಂಬುದೇ ನಮ್ಮ ಭಾಗ್ಯ.

ಆದರೆ ಆ ಜೇಸನ್‌ ಅನ್ನು ಸಾಮಾನ್ಯವಾಗಿ ಯಾರೂ ಕೈಯಾರೆ ಬರೆಯುವುದಿಲ್ಲ. ಸಿ ಶಾರ್ಪ್‌ನವರಿಗೆ ಬಹಳ ಕಾಲ ಬಳಕೆಯಲ್ಲಿದ್ದ ನೆಸ್ಟ್ ಎಂಬ ಲೈಬ್ರರಿ, ಪೈಥಾನ್‌ನವರಿಗೆ ಎಲಾಸ್ಟಿಕ್‌ಸರ್ಚ್ ಡಿಎಸ್ಎಲ್, ಜಾವಾದವರಿಗೆ ಅವರದೇ ಕ್ಲೈಂಟ್. ಪ್ರೋಗ್ರಾಮರ್ ಬರೆದ ಸಾಲುಗಳನ್ನು ಲೈಬ್ರರಿ ಜೇಸನ್ ಆಗಿ ಕಟ್ಟುತ್ತದೆ. ಮನೆಯಲ್ಲಿ ಬಾಯಲ್ಲಿ ಹೇಳಿದ್ದನ್ನು ಹುಡುಗ ಚೀಟಿಯಲ್ಲಿ ಬರೆದುಕೊಂಡು ದಿನಸಿ ಅಂಗಡಿಗೆ ಹೋದ ಹಾಗೆ. ಅಂಗಡಿಯವರು ಕೊಡುವುದು ಚೀಟಿಯಲ್ಲಿದ್ದದ್ದನ್ನು. ಸಾಮಾನು ತಪ್ಪಿ ಬಂದರೆ ಮನೆಯಲ್ಲಿ ಏನು ಹೇಳಿದ್ದೆವು ಎಂದು ವಾದ ಮಾಡುತ್ತ ಕೂರುವುದಕ್ಕಿಂತ ಚೀಟಿಯನ್ನು ಇಸಿದುಕೊಂಡು ಓದುವುದು ಲೇಸು.

ಲೈಬ್ರರಿಗಳು ಏನೇನು ಬದಲಿಸಿಬಿಡುತ್ತವೆ ಎಂಬುದಕ್ಕೆ ನೆಸ್ಟ್‌ನಿಂದಲೇ ಎರಡು ನಿದರ್ಶನ ಕೊಡುತ್ತೇನೆ. ಸಿ ಶಾರ್ಪ್ ಭಾಷೆಯ ರೂಢಿಯಲ್ಲಿ ಗುಣಗಳ ಹೆಸರು ದೊಡ್ಡಕ್ಷರದಿಂದ ಶುರುವಾಗುತ್ತದೆ. ‘ಬುಕ್‌ಟೈಟಲ್’ ಎಂದು ಕೋಡ್‌ನಲ್ಲಿದ್ದರೆ ಮೊದಲ ‘ಬಿ’ ದೊಡ್ಡದು. ನೆಸ್ಟ್ ತಾನಾಗಿಯೇ ಆ ಮೊದಲಕ್ಷರವನ್ನು ಸಣ್ಣದು ಮಾಡಿ ಕಳಿಸುತ್ತದೆ, ಏಕೆಂದರೆ ಜೇಸನ್ ಲೋಕದ ರೂಢಿ ಅದು. ದಾಖಲೆಗಳನ್ನು ಇಂಡೆಕ್ಸ್‌ಗೆ, ಅಂದರೆ ಸರ್ವರ್‌ನ ಹುಡುಕಾಟದ ಸಂಗ್ರಹಕ್ಕೆ, ಸೇರಿಸಿದ್ದೂ ನೆಸ್ಟ್ ಆಗಿದ್ದರೆ ತೊಂದರೆಯಿಲ್ಲ. ಬೇರೆ ಯಾವುದೋ ಸಾಧನ ದೊಡ್ಡಕ್ಷರದ ಹೆಸರಿನಲ್ಲೇ ಸೇರಿಸಿದ್ದರೆ, ಇಲ್ಲಿಂದ ಹೋಗುವ ಪ್ರಶ್ನೆ ಇಲ್ಲದ ಫೀಲ್ಡ್ ಕುರಿತದ್ದಾಗುತ್ತದೆ. ಎಸ್‌ಕ್ಯೂಎಲ್ ಡೇಟಾಬೇಸ್ ಆಗಿದ್ದರೆ ‘ಇಂಥ ಕಾಲಂ ಇಲ್ಲ’ ಎಂದು ಕೂಗಿಕೊಳ್ಳುತ್ತಿತ್ತು. ಎಲಾಸ್ಟಿಕ್‌ಸರ್ಚ್ ಸಾಮಾನ್ಯವಾಗಿ ಕೂಗುವುದಿಲ್ಲ. ಒಂದೇ ಪ್ರಶ್ನೆ ಹಲವು ಇಂಡೆಕ್ಸ್‌ಗಳಿಗೆ ಹೋಗಬಹುದು, ಒಂದರಲ್ಲಿರುವ ಫೀಲ್ಡ್ ಇನ್ನೊಂದರಲ್ಲಿ ಇಲ್ಲದಿರಬಹುದು. ಹಾಗಾಗಿ ಅದು ಸೊನ್ನೆ ಫಲಿತಾಂಶವನ್ನು ಯಶಸ್ಸೆಂದೇ ಹೇಳಿ ಕಳಿಸುತ್ತದೆ. ಕೋಡ್‌ ಅನ್ನು ಎಷ್ಟು ಸಲ ಓದಿದರೂ ಈ ತಪ್ಪು ಕಣ್ಣಿಗೆ ಬೀಳದು. ಜೇಸನ್‌ನಲ್ಲಿ ಒಂದೇ ನೋಟಕ್ಕೆ ಕಾಣುತ್ತದೆ.

ಎರಡನೆಯದು ಇದಕ್ಕಿಂತ ಗಂಭೀರ. ನೆಸ್ಟ್‌ನಲ್ಲಿ ಹುಡುಕುವ ಮೌಲ್ಯ ಖಾಲಿಯಿದ್ದರೆ ಆ ಷರತ್ತನ್ನೇ ರಿಕ್ವೆಸ್ಟ್‌ನಿಂದ ಕೈಬಿಡುವ ಪದ್ಧತಿಯಿದೆ. ಇದರ ಹಿಂದಿನ ಯೋಚನೆ ಒಳ್ಳೆಯದೇ. ಹುಡುಕುವ ಫಾರಂನಲ್ಲಿ ಲೇಖಕ, ಪ್ರಕಾಶಕ, ಬೆಲೆ, ವರ್ಷ ಎಂದು ಹತ್ತು ಜಾಗಗಳಿದ್ದು ಓದುಗರು ಎರಡನ್ನಷ್ಟೇ ತುಂಬಿದರೆ, ಉಳಿದ ಎಂಟಕ್ಕೂ ‘ಖಾಲಿಯಿದ್ದರೆ ಸೇರಿಸಬೇಡ’ ಎಂದು ಪ್ರೋಗ್ರಾಮರ್ ಬರೆಯಬೇಕಿಲ್ಲ. ಆದರೆ ಖಾಲಿಯಾಗಿದ್ದದ್ದು ‘ಈ ಗ್ರಾಹಕರ ದಾಖಲೆಗಳು ಮಾತ್ರ’ ಎಂಬ ಫಿಲ್ಟರ್‌ನ ಗ್ರಾಹಕ ಸಂಖ್ಯೆಯಾಗಿದ್ದರೆ? ಲಾಗಿನ್‌ನಲ್ಲಿ ಏನೋ ಎಡವಟ್ಟಾಗಿ ಆ ಸಂಖ್ಯೆ ಬರಲಿಲ್ಲ ಎಂದಿಟ್ಟುಕೊಳ್ಳಿ. ಫಿಲ್ಟರ್ ಸದ್ದಿಲ್ಲದೆ ಮಾಯವಾಗುತ್ತದೆ, ಪ್ರಶ್ನೆ ‘ಎಲ್ಲವನ್ನೂ ಕೊಡು’ ಎಂದಾಗುತ್ತದೆ, ಒಬ್ಬರ ಪರದೆಯ ಮೇಲೆ ಎಲ್ಲರ ದಾಖಲೆಗಳು ಬರುತ್ತವೆ. ಕೋಡ್‌ನಲ್ಲಿ ಫಿಲ್ಟರ್ ಇದೆ, ಪರಿಶೀಲಿಸಿದವರೂ ಅದನ್ನು ಕಂಡು ಒಪ್ಪಿಗೆ ಕೊಟ್ಟಿದ್ದಾರೆ. ಸರ್ವರ್‌ಗೆ ಹೋದ ರಿಕ್ವೆಸ್ಟ್‌ನಲ್ಲಿ ಅದಿಲ್ಲ. ಇಂಥ ಜಾಗಕ್ಕೆಂದೇ ನೆಸ್ಟ್‌ನಲ್ಲಿ ‘ಸ್ಟ್ರಿಕ್ಟ್’ ಎಂಬ ಗುರುತಿದೆ. ಅದನ್ನು ಹಾಕಿದರೆ ಮೌಲ್ಯ ಖಾಲಿಯಿದ್ದಾಗ ಪ್ರೋಗ್ರಾಂ ಅಲ್ಲೇ ನಿಂತು ದೋಷ ತೋರಿಸುತ್ತದೆ. ‘ವರ್ಬೇಟಿಮ್’ ಎಂಬ ಇನ್ನೊಂದು ಗುರುತು ಹಾಕಿದರೆ ಖಾಲಿಯನ್ನು ಖಾಲಿಯಾಗಿಯೇ ಕಳಿಸುತ್ತದೆ. ಭದ್ರತೆಗೆ ಸಂಬಂಧಿಸಿದ ಪ್ರತಿ ಫಿಲ್ಟರ್‌ಗೂ ಮೊದಲನೆಯದು ಕಡ್ಡಾಯವಾಗಬೇಕು.

ಪೈಥಾನ್ ಲೈಬ್ರರಿಯ ಉರುಳು ಬೇರೆ ಥರದ್ದು. ಅಲ್ಲಿ ಹುಡುಕಾಟದ ವಸ್ತುವಿಗೆ ಫಿಲ್ಟರ್ ಸೇರಿಸಿದರೆ ಮೂಲ ವಸ್ತು ಬದಲಾಗದು, ಫಿಲ್ಟರ್ ಇರುವ ಹೊಸ ಪ್ರತಿಯೊಂದು ಹುಟ್ಟುತ್ತದೆ. ಆ ಪ್ರತಿಯನ್ನು ಹಿಡಿದಿಟ್ಟುಕೊಳ್ಳದೆ ಹಳೆಯದನ್ನೇ ಓಡಿಸಿದರೆ ಫಿಲ್ಟರ್ ಗಾಳಿಗೆ ಹೋದಂತೆ. ‘ಟು ಡಿಕ್ಟ್’ ಎಂಬ ಒಂದು ಕರೆಯಿಂದ ರಿಕ್ವೆಸ್ಟ್‌ನ ರೂಪವನ್ನು ಪರದೆಗೆ ತಂದರೆ ಸಾಕು, ಗುಟ್ಟು ಬಯಲಾಗುತ್ತದೆ.

ಇವೆಲ್ಲ ಲೈಬ್ರರಿಯ ಕೈವಾಡ. ಲೈಬ್ರರಿ ಏನನ್ನೂ ಬದಲಿಸದೆ ಇದ್ದಾಗಲೂ ರಿಕ್ವೆಸ್ಟ್ ಓದುವುದು ಏಕೆ ಬೇಕು ಎಂಬುದಕ್ಕೆ ನನಗೆ ಅತ್ಯಂತ ಸ್ವಾರಸ್ಯಕರ ಎನಿಸುವ ಪ್ರಕರಣ ‘ಬೂಲ್’ ಪ್ರಶ್ನೆಯದು. ಎಲಾಸ್ಟಿಕ್‌ಸರ್ಚ್‌ನಲ್ಲಿ ಹಲವು ಷರತ್ತುಗಳನ್ನು ಜೋಡಿಸುವುದು ಅದರಿಂದಲೇ. ಅದರಲ್ಲಿ ‘ಮಸ್ಟ್’ ಎಂದರೆ ಇರಲೇಬೇಕು, ‘ಫಿಲ್ಟರ್’ ಎಂದರೂ ಇರಲೇಬೇಕು ಆದರೆ ಫಲಿತಾಂಶಗಳ ಕ್ರಮ ನಿರ್ಧರಿಸುವ ಅಂಕಕ್ಕೆ ಲೆಕ್ಕವಿಲ್ಲ, ‘ಶುಡ್’ ಎಂದರೆ ಇದ್ದರೆ ಒಳ್ಳೆಯದು. ಪುಸ್ತಕದ ತಾಣದಲ್ಲಿ ಎರಡು ‘ಶುಡ್’ ಇವೆ: ಹುಡುಕಿದ ಪದ ಶೀರ್ಷಿಕೆಯಲ್ಲಿರಲಿ ಅಥವಾ ಲೇಖಕರ ಹೆಸರಿನಲ್ಲಿರಲಿ. ಬರೀ ‘ಶುಡ್’ಗಳೇ ಇದ್ದಾಗ ಕನಿಷ್ಠ ಒಂದಾದರೂ ಹೊಂದಲೇಬೇಕು ಎಂಬುದು ಸರ್ವರ್‌ನ ನಿಯಮ. ಹುಡುಕಾಟ ಚೆನ್ನಾಗಿ ನಡೆಯುತ್ತಿದೆ.

ಒಂದು ದಿನ ‘ದಾಸ್ತಾನು ಇರುವ ಪುಸ್ತಕಗಳನ್ನು ಮಾತ್ರ ತೋರಿಸಿ’ ಎಂಬ ಬೇಡಿಕೆ ಬರುತ್ತದೆ. ಪ್ರೋಗ್ರಾಮರ್ ಒಂದು ‘ಫಿಲ್ಟರ್’ ಸೇರಿಸುತ್ತಾರೆ. ಷರತ್ತು ಹೆಚ್ಚಿದರೆ ಫಲಿತಾಂಶ ಕಡಿಮೆಯಾಗಬೇಕು ತಾನೆ? ಆಗುವುದು ತದ್ವಿರುದ್ಧ. ಯಾವ ಪದ ಹುಡುಕಿದರೂ ದಾಸ್ತಾನಿನಲ್ಲಿರುವ ಅಷ್ಟೂ ಪುಸ್ತಕಗಳು ಬರುತ್ತವೆ! ಕಾರಣ, ‘ಮಸ್ಟ್’ ಅಥವಾ ‘ಫಿಲ್ಟರ್’ ಜೊತೆಗೆ ಬಂದೊಡನೆ ‘ಶುಡ್’ಗಳಲ್ಲಿ ಕನಿಷ್ಠ ಎಷ್ಟು ಹೊಂದಬೇಕು ಎಂಬ ಸಂಖ್ಯೆ 1ರಿಂದ 0ಗೆ ಇಳಿಯುತ್ತದೆ. ‘ಶುಡ್’ ಅಂಕ ಹೆಚ್ಚಿಸುವ ಕೆಲಸಕ್ಕಷ್ಟೇ ಉಳಿಯುತ್ತದೆ.

ಈ ತಪ್ಪು ಬಹಳ ಕಾಲ ಅಡಗಿಕೊಂಡಿರಬಲ್ಲದು. ಪದ ಹೊಂದಿದ ಪುಸ್ತಕಗಳಿಗೆ ಅಂಕ ಹೆಚ್ಚು, ಹಾಗಾಗಿ ಅವೇ ಮೇಲೆ ಬರುತ್ತವೆ. ಎಲಾಸ್ಟಿಕ್‌ಸರ್ಚ್ ಬೇರೆ ಸಂಖ್ಯೆ ಕೇಳದಿದ್ದರೆ ಮೊದಲ 10 ಫಲಿತಾಂಶಗಳನ್ನಷ್ಟೇ ಕೊಡುತ್ತದೆ, ಪದ ಹೊಂದಿದ ಪುಸ್ತಕಗಳು ಹತ್ತಾದರೂ ಇದ್ದರೆ ಆ ಹತ್ತೂ ಸರಿಯಾಗಿಯೇ ಇರುತ್ತವೆ. ಪರೀಕ್ಷಿಸಿದವರು ಮೊದಲ ಪುಟ ನೋಡಿ ತೃಪ್ತರಾಗುತ್ತಾರೆ. ಗ್ರಾಹಕರೊಬ್ಬರು ‘ಕಡಿಮೆ ಬೆಲೆಯಿಂದ ಜೋಡಿಸು’ ಎಂಬ ಗುಂಡಿ ಒತ್ತಿದ ದಿನ, ಅಂಕ ಲೆಕ್ಕಕ್ಕೆ ಬಾರದೆ, ಕುವೆಂಪು ಎಂದು ಹುಡುಕಿದವರಿಗೆ ಮೊದಲಿಗೆ ಮಗ್ಗಿ ಪುಸ್ತಕ ಕಾಣುತ್ತದೆ. ರಿಕ್ವೆಸ್ಟ್ ಮುಂದಿಟ್ಟುಕೊಂಡವರಿಗೆ ‘ಶುಡ್’ ಮತ್ತು ‘ಫಿಲ್ಟರ್’ ಒಂದೇ ‘ಬೂಲ್’ನೊಳಗೆ ಅಕ್ಕಪಕ್ಕ ಕೂತಿರುವುದು ಕಾಣುತ್ತದೆ. ಕೋಡ್‌ನಲ್ಲಿ ಅವೆರಡು ಬೇರೆ ಬೇರೆ ಫೈಲ್‌ಗಳಲ್ಲಿ, ಬೇರೆ ಬೇರೆ ಜನ, ಬೇರೆ ಬೇರೆ ವರ್ಷಗಳಲ್ಲಿ ಬರೆದ ಸಾಲುಗಳಾಗಿರಬಹುದು. ಅವು ಒಂದಾಗುವ ಜಾಗ ಸರ್ವರ್‌ಗೆ ಹೊರಟ ಜೇಸನ್ ಮಾತ್ರ. ಕನಿಷ್ಠ ಸಂಖ್ಯೆಯನ್ನು ಬಾಯಿಬಿಟ್ಟು 1 ಎಂದು ಬರೆದರೆ ಸಮಸ್ಯೆ ತೀರಿತು.

ಸಮಯದ ವಿಚಾರದಲ್ಲಿ ಭಾರತದವರಿಗೆ ತಪ್ಪದ ತಾಪತ್ರಯವೊಂದಿದೆ. ಹಣಕಾಸು ವರ್ಷದ ಮಾರಾಟ ಹುಡುಕಲು ‘2025 ಏಪ್ರಿಲ್ 1ರಿಂದ’ ಎಂದು ಕೋಡ್‌ನಲ್ಲಿ ಬರೆದಿದೆ. ಕೋಡ್ ನಮ್ಮ ಸಮಯವನ್ನು ಜಾಗತಿಕ ಸಮಯಕ್ಕೆ ಬದಲಿಸಿದ್ದರೆ ರಿಕ್ವೆಸ್ಟ್‌ನಲ್ಲಿ ಮಾರ್ಚ್ 31ರ 18:30 ಎಂದು ಕಾಣುತ್ತದೆ, ಮತ್ತು ಅದೇ ಸರಿ. ಬರೀ ತಾರೀಖು ಹೋಗಿದ್ದರೆ ಸರ್ವರ್ ಅದನ್ನು ಜಾಗತಿಕ ಸಮಯದ ಮಧ್ಯರಾತ್ರಿ ಎಂದುಕೊಳ್ಳುತ್ತದೆ. ಅಂದರೆ ನಮ್ಮ ಬೆಳಗಿನ 5:30. ಏಪ್ರಿಲ್ 1ರ ಮೊದಲ ಐದೂವರೆ ಗಂಟೆಯ ಮಾರಾಟ ಲೆಕ್ಕದಿಂದ ಜಾರಿಹೋಗುತ್ತದೆ. ನೋಡಲು ತಪ್ಪೆನಿಸುವುದು ಸರಿ, ಸರಿಯೆನಿಸುವುದು ತಪ್ಪು.

ಕನ್ನಡ ಪಠ್ಯಕ್ಕೆ ಬಂದರೆ ರಿಕ್ವೆಸ್ಟ್ ಓದುವುದು ಇನ್ನೊಂದು ಹಂತ ಆಳಕ್ಕೆ ಇಳಿಯಬೇಕಾಗುತ್ತದೆ. ‘ಕಾರ್ಯ’ ಎಂದು ಅರ್ಕಾವತ್ತು ಹಾಕಿ ಬರೆಯುವವರಿದ್ದಾರೆ, ‘ಕಾರ‍್ಯ’ ಎಂದು ಯ ಒತ್ತು ಕೊಟ್ಟು ಬರೆಯುವವರೂ ಇದ್ದಾರೆ. ಓದುವ ನಮಗೆ ಎರಡೂ ಒಂದೇ. ಯೂನಿಕೋಡ್‌ನಲ್ಲಿ ಎರಡನೆಯದರ ರಕಾರದ ನಂತರ ಕಣ್ಣಿಗೆ ಕಾಣದ ಒಂದು ಜೋಡಕ ಅಕ್ಷರವಿದೆ, ಅದರ ಸಂಖ್ಯೆ 200ಡಿ. ಅದೇ ರೀತಿ ‘ಸಾಫ್ಟ್‌ವೇರ್’ ಎಂಬ ಪದದಲ್ಲಿ ವಕಾರ ಟಕಾರದ ಒತ್ತಾಗಿ ಕೆಳಗಿಳಿಯದಂತೆ ತಡೆಯುವುದು 200ಸಿ ಎಂಬ ಇನ್ನೊಂದು ಕಾಣದ ಅಕ್ಷರ. ಕೆಲವು ಕೀಲಿಮಣೆಗಳಲ್ಲಿ ಟೈಪ್ ಮಾಡುವವರು ಅದನ್ನು ಹಾಕುತ್ತಾರೆ, ಮೊಬೈಲ್‌ನಲ್ಲಿ ಅವಸರದಿಂದ ಹುಡುಕುವವರು ಹಾಕದೇ ಇರಬಹುದು. ‘ಕೋ’ ಎಂಬುದರ ಓತ್ವವಂತೂ ಒಂದೇ ಸಂಕೇತವಾಗಿ ಇರಬಹುದು, ಇಲ್ಲವೇ ಎತ್ವ, ಊಕಾರದ ಕೊಂಬು, ದೀರ್ಘ ಎಂಬ ಮೂರು ಸಂಕೇತಗಳ ಸಾಲಾಗಿಯೂ ಇರಬಹುದು. ಪರದೆಯ ಮೇಲೆ ಎರಡೂ ತದ್ರೂಪಿ. ಹಳೆಯ ಫಾಂಟ್‌ಗಳಲ್ಲಿದ್ದ ಪುಸ್ತಕಗಳನ್ನು ಯೂನಿಕೋಡ್‌ಗೆ ತಂದಾಗ ಯಾವ ರೂಪ ಸಿಗುತ್ತದೆ ಎಂಬುದು ಪರಿವರ್ತಕ ತಂತ್ರಾಂಶದ ಮರ್ಜಿ.

ಎಲಾಸ್ಟಿಕ್‌ಸರ್ಚ್‌ನ ಸಾಮಾನ್ಯ ವ್ಯವಸ್ಥೆ ಈ ಕಾಣದ ಅಕ್ಷರಗಳನ್ನು ಪದದ ಭಾಗವಾಗಿಯೇ ಉಳಿಸಿಕೊಳ್ಳುತ್ತದೆ. ಹಾಗಾಗಿ ಅದರ ಮಟ್ಟಿಗೆ ಒಂದೇ ಪದದ ಈ ರೂಪಗಳು ಬೇರೆ ಬೇರೆ ಪದಗಳು. ಇಲ್ಲಿ ಜೇಸನ್‌ ಅನ್ನು ಬರಿಗಣ್ಣಲ್ಲಿ ಓದಿದರೂ ಏನೂ ತಿಳಿಯದು. ಪೈಥಾನ್‌ನ ಜೇಸನ್ ಸೌಲಭ್ಯ ಬೇರೆ ಸೂಚನೆ ಕೊಡದಿದ್ದರೆ ಕನ್ನಡದ ಪ್ರತಿ ಅಕ್ಷರವನ್ನೂ ಅದರ ಸಂಕೇತ ಸಂಖ್ಯೆಯಾಗಿ ಮುದ್ರಿಸುತ್ತದೆ. ಓದಲು ಬಾರದ ಆ ಸಂಖ್ಯೆಗಳ ಸಾಲು ಕಂಡು ಕನ್ನಡದ ಪ್ರೋಗ್ರಾಮರ್‌ಗಳು ಬೇಸರಪಡುವುದು ಸಹಜ. ಈ ಒಂದು ಕೆಲಸಕ್ಕೆ ಮಾತ್ರ ಅದು ದೊಡ್ಡ ಉಪಕಾರಿ: 200ಡಿ ಎಲ್ಲಿ ಅಡಗಿದೆ ಎಂದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಪರಿಹಾರವೂ ಇದೆ. ಐಸಿಯು ಎಂಬ ಪ್ಲಗಿನ್‌ನ ಸಮೀಕರಣ ಸೌಲಭ್ಯ ಓತ್ವದ ಎರಡು ರೂಪಗಳನ್ನು ಒಂದಾಗಿಸುತ್ತದೆ, ಕಾಣದ ಅಕ್ಷರಗಳನ್ನೂ ತೆಗೆದುಹಾಕುತ್ತದೆ. ಇಂಡೆಕ್ಸ್ ಮಾಡುವಾಗಲೂ ಹುಡುಕುವಾಗಲೂ ಎರಡೂ ಕಡೆ ಅದನ್ನು ಅಳವಡಿಸಬೇಕು. ಕನ್ನಡ ಪುಸ್ತಕ, ಪತ್ರಿಕೆ, ಸರ್ಕಾರಿ ಕಡತಗಳ ಹುಡುಕಾಟ ಕಟ್ಟುವ ಪ್ರತಿಯೊಬ್ಬರೂ ಇದನ್ನು ಮೊದಲ ದಿನವೇ ಮಾಡಬೇಕೆಂಬುದು ನನ್ನ ಕಳಕಳಿಯ ಕೋರಿಕೆ. ಇರುವ ಪುಸ್ತಕ ಇಲ್ಲವೆಂದು ಹೇಳುವ ಹುಡುಕಾಟ ಆ ಪುಸ್ತಕವನ್ನು ಓದುಗರ ಪಾಲಿಗೆ ಇಲ್ಲವಾಗಿಸುತ್ತದೆ.

ರಿಕ್ವೆಸ್ಟ್ ಹೇಗಿರುತ್ತದೆಂದು ಪ್ರೋಗ್ರಾಮರ್ ಅಲ್ಲದವರೂ ಈಗಲೇ ನೋಡಬಹುದು. ವಿಕಿಪೀಡಿಯದ ಹುಡುಕಾಟದ ಹಿಂದಿರುವುದು ಸಿರಸ್‌ಸರ್ಚ್ ಎಂಬ ತಂತ್ರಾಂಶ, ಅದೂ ಇದೇ ವಂಶದ ಸರ್ವರ್‌ಗೆ ಜೇಸನ್ ಕಟ್ಟಿ ಕಳಿಸುವಂಥದ್ದು. ಕನ್ನಡ ವಿಕಿಪೀಡಿಯದಲ್ಲಿ ಏನನ್ನಾದರೂ ಹುಡುಕಿ, ಫಲಿತಾಂಶದ ಪುಟದ ವಿಳಾಸದ ಕೊನೆಗೆ ಆಂಪರ್ಸ್ಯಾಂಡ್ ಚಿಹ್ನೆ ಹಾಕಿ ‘ಸಿರಸ್ ಡಂಪ್ ಕ್ವೆರಿ’ ಎಂಬುದನ್ನು ಇಂಗ್ಲಿಷ್‌ನಲ್ಲಿ ಜಾಗ ಬಿಡದೆ, ಡಂಪ್ ಮತ್ತು ಕ್ವೆರಿಯ ಮೊದಲಕ್ಷರ ಮಾತ್ರ ದೊಡ್ಡದಾಗಿ ಬರೆಯಿರಿ. ಲೇಖನಗಳ ಪಟ್ಟಿಯ ಬದಲು ನಿಮ್ಮ ಒಂದು ಪದಕ್ಕಾಗಿ ಸರ್ವರ್‌ಗೆ ಹೋದ ಉದ್ದನೆಯ ಪ್ರಶ್ನೆ ತೆರೆದುಕೊಳ್ಳುತ್ತದೆ. ಸಾರ್ವಜನಿಕರ ದೇಣಿಗೆಯಿಂದ ನಡೆಯುವ ತಾಣವೊಂದು ತನ್ನ ಒಳಗನ್ನು ಹೀಗೆ ತೆರೆದಿಟ್ಟಿರುವುದು ನನಗೆ ಬಹಳ ಮೆಚ್ಚುಗೆಯ ಸಂಗತಿ.

ನೋಡುವಾಗ ಒಂದು ಎಚ್ಚರ ಬೇಕು. ಲೈಬ್ರರಿ ಮುದ್ರಿಸಿ ತೋರಿಸಿದ್ದೆಲ್ಲವೂ ತಂತಿಯ ಮೇಲೆ ಹೋದದ್ದೇ ಆಗಿರಬೇಕಿಲ್ಲ. ಎಸ್‌ಕ್ಯೂಎಲ್ ಡೇಟಾಬೇಸ್‌ಗಳ ಜೊತೆ ಕೆಲಸ ಮಾಡುವ ಲೈಬ್ರರಿಗಳನ್ನೇ ನೋಡಿ: ಪೈಥಾನ್‌ನ ಜ್ಯಾಂಗೋದಲ್ಲಿ ಎಸ್‌ಕ್ಯೂಎಲ್ ಮುದ್ರಿಸಿದರೆ ಮೌಲ್ಯಗಳು ಉದ್ಧರಣ ಚಿಹ್ನೆಯಿಲ್ಲದೆ ಸಾಲಿನೊಳಗೆ ಕಾಣುತ್ತವೆ, ನಿಜದಲ್ಲಿ ಅವು ಪ್ರಶ್ನೆಯಿಂದ ಬೇರೆಯಾಗಿ ಡೇಟಾಬೇಸ್ ಡ್ರೈವರ್‌ಗೆ ಹೋಗಿರುತ್ತವೆ. ಆ ಮುದ್ರಿತ ಸಾಲನ್ನು ಹಾಗೆಯೇ ಅಂಟಿಸಿದರೆ ಡೇಟಾಬೇಸ್ ಒಪ್ಪದಿರಬಹುದು. ಜಾವಾದ ಹೈಬರ್ನೇಟ್ ಮೌಲ್ಯಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ತೋರಿಸುತ್ತದೆ. ನೆಸ್ಟ್‌ನ ಉತ್ತರದಲ್ಲಿ ‘ಡಿಬಗ್ ಇನ್ಫರ್ಮೇಶನ್’ ಎಂಬ ವಿವರವಿದ್ದರೂ, ವೇಗದ ಕಾರಣಕ್ಕೆ ರಿಕ್ವೆಸ್ಟ್‌ನ ಒಡಲನ್ನು ಅದು ಉಳಿಸಿಟ್ಟಿರುವುದಿಲ್ಲ. ನೇರ ಹರಿವನ್ನು ನಿಲ್ಲಿಸುವ ಸೆಟ್ಟಿಂಗ್ ಹಾಕಿದರೆ ಮಾತ್ರ ಕಾಣುತ್ತದೆ. ಜಾವಾದ ಕೆಳಹಂತದ ಕ್ಲೈಂಟ್‌ನಲ್ಲಿ ‘ಟ್ರೇಸರ್’ ಎಂಬ ಲಾಗರ್ ಇದೆ, ಅದು ಪ್ರತಿ ರಿಕ್ವೆಸ್ಟ್ ಅನ್ನೂ ಹಾಗೆಯೇ ಮತ್ತೆ ಓಡಿಸಬಲ್ಲ ಕರ್ಲ್ ಆದೇಶದ ರೂಪದಲ್ಲಿ ಬರೆಯುತ್ತದೆ. ಇನ್ನೂ ಅನುಮಾನವಿದ್ದರೆ ಸರ್ವರ್‌ನ ನಿಧಾನ ಪ್ರಶ್ನೆಗಳ ಲಾಗ್‌ಗೆ ಸಮಯದ ಮಿತಿಯನ್ನು ಸೊನ್ನೆ ಸೆಕೆಂಡ್ ಎಂದು ಇಟ್ಟರೆ, ಅಲ್ಲಿಗೆ ಬಂದ ಪ್ರತಿ ಪ್ರಶ್ನೆಯೂ ದಾಖಲಾಗುತ್ತದೆ. ಸಾಕ್ಷಿಯಾಗಿ ಕೊನೆಗೆ ನಂಬಬೇಕಾದದ್ದು ಅದನ್ನೇ. ಪರೀಕ್ಷೆ ಮುಗಿದ ಕೂಡಲೇ ಆ ಮಿತಿಯನ್ನು ಮೊದಲಿನಂತೆ ಮಾಡಬೇಕು, ಇಲ್ಲದಿದ್ದರೆ ಲಾಗ್ ಡಿಸ್ಕ್ ತುಂಬಿಬಿಡುತ್ತದೆ.

ರಿಕ್ವೆಸ್ಟ್ ಕೈಗೆ ಸಿಕ್ಕ ಮೇಲೆ ಅದನ್ನು ಎಲಾಸ್ಟಿಕ್‌ಸರ್ಚ್‌ನ ಜೊತೆಗಾರ ತಂತ್ರಾಂಶ ಕಿಬಾನಾದ ಕನ್ಸೋಲ್‌ನಲ್ಲಿ ಅಂಟಿಸಿ ಓಡಿಸಿ. ಅಲ್ಲೂ ತಪ್ಪು ಫಲಿತಾಂಶವೇ ಬಂದರೆ ಇನ್ನು ಕೋಡ್ ಓಡಿಸುವ ಅಗತ್ಯವಿಲ್ಲ. ಜೇಸನ್‌ನಿಂದ ಒಂದೊಂದೇ ಷರತ್ತು ತೆಗೆಯುತ್ತ ಬಂದರೆ ಯಾವುದನ್ನು ತೆಗೆದಾಗ ಪುಸ್ತಕ ಕಾಣಿಸಿತು ಎಂದು ನಿಮಿಷಗಳಲ್ಲಿ ತಿಳಿಯುತ್ತದೆ. ರಿಕ್ವೆಸ್ಟ್ ನಿರ್ದೋಷಿ ಎಂದು ಗೊತ್ತಾದರೆ ಹುಡುಕಬೇಕಾದದ್ದು ಸರ್ವರ್‌ನ ಒಳಗೆ. ಪದವನ್ನು ಅದು ಹೇಗೆ ತುಂಡರಿಸಿತು ಎಂದು ‘ಅನಲೈಸ್’ ಹೇಳುತ್ತದೆ, ಇಂಥ ದಾಖಲೆ ಏಕೆ ಹೊಂದಲಿಲ್ಲ ಎಂದು ‘ಎಕ್ಸ್‌ಪ್ಲೇನ್’ ಹೇಳುತ್ತದೆ. ಇಂಡೆಕ್ಸ್‌ಗೆ ಇಟ್ಟ ಅಡ್ಡಹೆಸರಿಗೇ ಫಿಲ್ಟರ್ ಅಂಟಿಸುವ ಸೌಲಭ್ಯವೂ ಇರುವುದರಿಂದ ಅದನ್ನೂ ನೋಡಬೇಕು, ಆ ಫಿಲ್ಟರ್ ಯಾವ ರಿಕ್ವೆಸ್ಟ್‌ನಲ್ಲೂ ಕಾಣುವುದಿಲ್ಲ. ಉತ್ತರದ ‘ಶಾರ್ಡ್ಸ್’ ಎಂಬ ಭಾಗದಲ್ಲಿ, ಅಂದರೆ ಇಂಡೆಕ್ಸ್‌ನ ತುಂಡುಗಳ ಲೆಕ್ಕದಲ್ಲಿ, ವಿಫಲವಾದವು ಎಷ್ಟು ಎಂದು ಕಣ್ಣಾಡಿಸಿ. ಅಲ್ಲಿ ಸೊನ್ನೆಯಿಲ್ಲದಿದ್ದರೆ ನಿಮಗೆ ಬಂದದ್ದು ಅರ್ಧ ಉತ್ತರ.

ರಿಕ್ವೆಸ್ಟ್‌ಗಳನ್ನು ದಾಖಲಿಸುವವರು ಮರೆಯಬಾರದ ಇನ್ನೊಂದು ಮಾತಿದೆ. 2006ರಲ್ಲಿ ಅಮೆರಿಕದ ಎಒಎಲ್ ಕಂಪನಿ, ಸಂಶೋಧನೆಗೆಂದು ಸುಮಾರು 6,50,000 ಬಳಕೆದಾರರ ಹುಡುಕಾಟಗಳನ್ನು ಪ್ರಕಟಿಸಿತು. ಹೆಸರುಗಳ ಬದಲು ಬರೀ ಸಂಖ್ಯೆಗಳಿದ್ದವು. ಆದರೂ ಪತ್ರಕರ್ತರು ಹುಡುಕಿದ ಪದಗಳಿಂದಲೇ ಒಬ್ಬ ಮಹಿಳೆಯನ್ನು ಗುರುತಿಸಿದರು. ಜನ ಹುಡುಕುವ ಜಾಗದಲ್ಲಿ ತಮ್ಮ ಕಾಯಿಲೆ, ಸಾಲ, ಊರು, ನೆಂಟರ ಹೆಸರು ಎಲ್ಲವನ್ನೂ ಬರೆಯುತ್ತಾರೆ. ದೋಷ ಹುಡುಕಲು ನಿಜವಾದ ಬಳಕೆದಾರರ ರಿಕ್ವೆಸ್ಟ್ ಬೇಕೇ ಬೇಕೆಂದಿಲ್ಲ. ಅದೇ ಆಕಾರದ ರಿಕ್ವೆಸ್ಟ್ ಅನ್ನು ಪರೀಕ್ಷಾ ಸರ್ವರ್‌ನಲ್ಲಿ ಹುಟ್ಟಿಸಬಹುದು, ಅನಿವಾರ್ಯವಾದರೆ ಮೌಲ್ಯಗಳನ್ನು ಮರೆಮಾಚಿ ಆಕಾರವನ್ನಷ್ಟೇ ಲಾಗ್‌ಗೆ ಬರೆಯಬಹುದು.

ತಪ್ಪು ಸಿಕ್ಕಿ, ಸರಿಪಡಿಸಿದ ಮೇಲೆ ಆ ಸರಿಯಾದ ಜೇಸನ್‌ ಅನ್ನು ಎಸೆಯಬೇಡಿ. ಅದನ್ನು ಒಂದು ಫೈಲ್‌ನಲ್ಲಿಟ್ಟು, ಕೋಡ್ ಪ್ರತಿ ಸಲ ಕಟ್ಟುವ ರಿಕ್ವೆಸ್ಟ್ ಅದಕ್ಕೆ ತಾಳೆಯಾಗುತ್ತದೆಯೇ ಎಂದು ನೋಡುವ ಪರೀಕ್ಷೆ ಬರೆದಿಡಿ. ಇದಕ್ಕೆ ಸರ್ವರ್ ಕೂಡ ಬೇಡ, ಕ್ಷಣದಲ್ಲಿ ಮುಗಿಯುತ್ತದೆ. ಮುಂದೆ ಯಾರೋ ಒಂದು ಫಿಲ್ಟರ್ ಸೇರಿಸಿದಾಗ, ಲೈಬ್ರರಿಯ ಹೊಸ ಆವೃತ್ತಿಗೆ ಹೋದಾಗ, ರಿಕ್ವೆಸ್ಟ್‌ನಲ್ಲಿ ಯಾವ ಸಾಲು ಬಂತು, ಯಾವುದು ಹೋಯಿತು ಎಂದು ಪರಿಶೀಲಿಸುವವರ ಕಣ್ಣೆದುರೇ ಇರುತ್ತದೆ. ಮೇಲೆ ಹೇಳಿದ ‘ಶುಡ್’ ಪ್ರಕರಣದಲ್ಲಿ ಅಂಥದೊಂದು ಪರೀಕ್ಷೆ ಇದ್ದಿದ್ದರೆ ಫಿಲ್ಟರ್ ಸೇರಿದ ದಿನವೇ ಚರ್ಚೆಯಾಗುತ್ತಿತ್ತು.